ಬೀಳದೆ ಎಲುಬು ಬಿರಿದದ್ದು ಹ್ಯಾಂಗ?

ಪ್ರಶ್ನೆ (ಒಬ್ಬ ತಾಯಿ, ಕಲಬುರಗಿ):
ಡಾಕ್ಟರ್ ಮೇಡಂ, ನನ್ನ ಮಗಳಿಗಿ 19 ವರ್ಷ, ಡಿಗ್ರಿ ಓದ್ತಾಳ. ಎತ್ತರ 5 ಅಡಿ 2 ಇಂಚು. 52 ಕೆಜಿ ಇದ್ದಾಕಿ ಒಂದೂವರೆ ವರ್ಷದಾಗ 38ಕ್ಕ ಇಳಿದಾಳ. ಅರ್ಧ ರೊಟ್ಟಿ ಮುರದು, ತಾಟಿನ್ಯಾಗ ಅತ್ಲಾಗ ಇತ್ಲಾಗ ಮಾಡಿ ಎದ್ದು ಹೋಗ್ತಾಳ. ಕೇಳಿದ್ರ 'ಕಾಲೇಜಿನ್ಯಾಗ ಉಂಡೀನಿ' ಅಂತಾಳ. ರಾತ್ರಿ ಮಾಳಗಿ ಮ್ಯಾಲ ತಾಸುಗಟ್ಲೆ ನಡೀತಾಳ. ಇನ್ನಾ ದಪ್ಪ ಇದ್ದೀನಿ ಅಂತ ಕನ್ನಡಿ ಮುಂದ ಅಳ್ತಾಳ. ಒಂಬತ್ತು ತಿಂಗಳು ಮುಟ್ಟು ನಿಂತಿತ್ತು, ಗುಳಿಗಿ ಕೊಡಿಸಿದ ಮ್ಯಾಲ ಈಗ ತಿಂಗಳಾ ತಿಂಗಳಾ ಆಗ್ತದ. ಹೋದ ವಾರ ಪಾದ ನೋವು ಅಂದ್ಳು, ಎಕ್ಸ್‌ರೇದಾಗ ಎಲುಬು ಬಿರಿದದ ಅಂದ್ರು. ಎಲ್ಲೂ ಬಿದ್ದಿಲ್ಲ. ಕ್ಯಾಲ್ಸಿಯಂ ಕೊಡ್ಲಾಕತ್ತೀನಿ. ಅಷ್ಟು ಸಾಕೇನ್ರಿ?

ಉತ್ತರ (ಡಾಕ್ಟರ್):
ಸಾಕಾಗುವುದಿಲ್ಲ ಅಕ್ಕಾ. ಕಣ್ಣಾರೆ ನೋಡದೆ ರೋಗದ ಹೆಸರು ಹೇಳಬಾರದು, ಆದರೆ ನೀವು ಬರೆದದ್ದೆಲ್ಲ ಅನೊರೆಕ್ಸಿಯಾ ನರ್ವೋಸಾ (ದಪ್ಪಗಾಗುವ ಭಯದಲ್ಲಿ ಊಟ ಬಿಡುವ ಮಾನಸಿಕ ಕಾಯಿಲೆ) ಕಡೆಗೇ ಬೆರಳು ಮಾಡುತ್ತದೆ. ಇದು ಹಟವಲ್ಲ, ಕಾಯಿಲೆ. ದಯವಿಟ್ಟು ಅವಳನ್ನು ಬೈಯಬೇಡಿ.

ಎಲುಬು ದಿನಾ ಸವೆದು ದಿನಾ ಕಟ್ಟಿಕೊಳ್ಳುತ್ತದೆ. ಊಟ ಕಡಿಮೆಯಾದಾಗ ಮೆದುಳು ಮುಟ್ಟಿನ ಹಾರ್ಮೋನು ನಿಲ್ಲಿಸುತ್ತದೆ, ಎಲುಬು ಕಾಯುವ ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಕುಸಿಯುತ್ತದೆ. ಎಲುಬು ಬೆಳೆಸುವ ಐಜಿಎಫ್-1 ಎಂಬ ಹಾರ್ಮೋನು ಇಳಿಯುತ್ತದೆ, ಎಲುಬು ಸವೆಸುವ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಏರುತ್ತದೆ. ನಮ್ಮ ಶಹಾಬಾದಿ ಪರಸಿ ನೆಲದ ಹಳೆ ಕಲ್ಲು ಕೀಳುತ್ತಾ ಹೋಗಿ ಹೊಸದು ಹಾಸದಿದ್ದರೆ ಹೇಗೋ ಹಾಗೆ. ವಯಸ್ಸಿನ ಮಾತೂ ಇದೆ: ಹೆಣ್ಣುಮಕ್ಕಳ ಎಲುಬಿನ ಸುಮಾರು ಶೇ. 90ರಷ್ಟು 18ರ ಹೊತ್ತಿಗೆ ತುಂಬುತ್ತದೆ, ಉಳಿದದ್ದು ಇಪ್ಪತ್ತರ ಆಚೀಚೆ. ತುಂಬಬೇಕಾದ ಕಾಲದಲ್ಲೇ ಇವಳ ಎಲುಬು ಕರಗುತ್ತಿದೆ.

ಮಾತ್ರೆಯಿಂದ ಬರುವ ಮುಟ್ಟು ನಿಮಗೆ ಸಮಾಧಾನ ಕೊಟ್ಟಿರಬಹುದು. ಎಲುಬಿಗೆ ಅದರಿಂದ ಲಾಭ ಕಂಡಿಲ್ಲ. ಕೆಟ್ಟದ್ದೇನೆಂದರೆ, ದೇಹ ತಾನಾಗಿ ಚೇತರಿಸಿದೆಯೋ ಇಲ್ಲವೋ ಎಂಬುದನ್ನು ಅದು ಮುಚ್ಚಿಡುತ್ತದೆ. ಚರ್ಮಕ್ಕೆ ಅಂಟಿಸುವ ಈಸ್ಟ್ರೋಜನ್ ಪಟ್ಟಿಯ ಲೆಕ್ಕ ಬೇರೆ. ಅದರಿಂದ ಹದಿಹರೆಯದವರ ಎಲುಬು ಸ್ವಲ್ಪ ಗಟ್ಟಿಯಾದದ್ದು 2011ರ ಅಧ್ಯಯನದಲ್ಲಿ ಕಂಡಿದೆ. ಅದೂ ತಜ್ಞರೇ ನಿರ್ಧರಿಸಬೇಕಾದದ್ದು. ಎಲ್ಲಕ್ಕಿಂತ ಮುಖ್ಯ ತೂಕ ಮರಳುವುದು, ಮುಟ್ಟು ತಾನಾಗಿ ಮರಳುವುದು.

ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ರಿಪೋರ್ಟಿನಲ್ಲಿ ಅದೇ ವಯಸ್ಸಿನವರ ಜೊತೆ ಹೋಲಿಸುವ ಝಡ್ ಸ್ಕೋರ್ ನೋಡಬೇಕು, ಟಿ ಸ್ಕೋರ್ ಮುಟ್ಟು ನಿಂತ ವಯಸ್ಸಾದವರಿಗೆ. ಝಡ್ ಸ್ಕೋರ್ -2 ಅಥವಾ ಅದಕ್ಕಿಂತ ಕೆಳಗಿದ್ದರೆ ವಯಸ್ಸಿಗೆ ತಕ್ಕ ಎಲುಬಿಲ್ಲ ಎಂದರ್ಥ. ಮಾಳಿಗೆ ನಡಿಗೆ ಈಗಲೇ ನಿಲ್ಲಲಿ.

ಇನ್ನೊಂದು, ಗಾಬರಿಯಾಗಿ ಒಮ್ಮೆಲೇ ತುಪ್ಪ, ಹೋಳಿಗೆ ತಿನ್ನಿಸಬೇಡಿ. ಬಹಳ ದಿನ ಹಸಿದ ದೇಹಕ್ಕೆ ದಿಢೀರನೆ ಊಟ ಸುರಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯ. ಈ ವಾರವೇ ರಕ್ತಪರೀಕ್ಷೆ, ಇಸಿಜಿ ಮಾಡಿಸಿ. ಊಟ ಹಂತಹಂತವಾಗಿ, ಡಾಕ್ಟರ್ ಹೇಳಿದ ಲೆಕ್ಕದಲ್ಲೇ ಏರಲಿ.

ಪ್ರಶ್ನೆ (ಅದೇ ಹುಡುಗಿಯ ಸೋದರತ್ತೆ, ಬೀದರ್):
ಮೇಡಂ, ನಮ್ಮವ್ವಗ ಎಲುಬಿಗಿ ವಾರಕ್ಕೊಂದು ಗುಳಿಗಿ ಅದ. ಅದೇ ಇಕಿಗೂ ಕೊಟ್ರ ಆಗೂದಿಲ್ಲೇನ್ರಿ? ಬಿಸಿಲಂತೂ ನಮ್ಮ ಕಡೆ ಬೇಕಾದಷ್ಟದ.

ಉತ್ತರ (ಡಾಕ್ಟರ್):
ಬೇಡ ಅಮ್ಮಾ. ಆ ಮಾತ್ರೆ ಎಲುಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮುಂದೆ ಬಸಿರಾಗಬೇಕಾದ ಹುಡುಗಿಗೆ ಮನೆಯಲ್ಲಿ ಕುಳಿತು ಕೊಡುವಂಥದ್ದಲ್ಲ. ಬಿಸಿಲು ಎಷ್ಟಿದ್ದರೂ ಮೈ ಮುಚ್ಚಿ ಒಳಗಿರುವವರಿಗೆ ವಿಟಮಿನ್ ಡಿ ಕಡಿಮೆಯಿರುತ್ತದೆ, ಅಳೆಸಿ ನೋಡಿ.

ಪ್ರಶ್ನೆ (ತಾಯಿ):
ಹೋದದ್ದು ಪೂರಾ ತಿರುಗಿ ಬರ್ತದೇನ್ರಿ? ಮಾನಸಿಕ ಡಾಕ್ಟರ್ ಹಂತ್ಯಾಕ ಅಂದ್ರ ಮಗಳು ಬರಂಗಿಲ್ಲ ಅಂತಾಳ.

ಉತ್ತರ (ಡಾಕ್ಟರ್):
ನಿಜ ಹೇಳುತ್ತೇನೆ. ತೂಕ, ಮುಟ್ಟು ಮರಳಿದರೆ ಎಲುಬು ಸುಧಾರಿಸುತ್ತದೆ. ಎಷ್ಟೋ ಜನರಲ್ಲಿ ಪೂರ್ತಿ ಮರಳುವುದಿಲ್ಲ, ಮುರಿಯುವ ಭಯ ವರ್ಷಗಳ ಕಾಲ ಉಳಿಯುತ್ತದೆ. ಬೇಗ ಆರಂಭಿಸಿದಷ್ಟೂ ಉಳಿಯುವುದು ಹೆಚ್ಚು. 'ಹುಚ್ಚಿಗಲ್ಲವ್ವಾ, ಪಾದದ ಎಲುಬಿಗಾಗಿ ಹೋಗೋಣ' ಎಂದು ಕರೆಯಿರಿ, ನೋವು ಅವಳಿಗೂ ಗೊತ್ತಿದೆ. ಬರದಿದ್ದರೆ ಮೊದಲು ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ತಲೆ ಸುತ್ತಿ ಬಿದ್ದರೆ, ಎದೆ ಬಡಿತ ತಪ್ಪಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತದ ರಿಪೋರ್ಟ್ ಬಂದ ದಿನ ನನಗೂ ತಿಳಿಸಿ.