ಹೀಬ್ರೂ ಕಾನಾನ್ ಭಾಷೆಯಿಂದ ಹುಟ್ಟಿದ್ದಾ, ಇಲ್ಲಾ ಅದೇ ಒಂದು ಕಾನಾನ್ ಭಾಷೆನಾ?

ಗೆರೆಗೀಚು:
ಹಳೇ ಒಡಂಬಡಿಕೆ ಓದ್ತಾ ಹೋದ್ರೆ ಕಾನಾನ್ಯರು (ಈಗಿನ ಇಸ್ರೇಲ್, ಪ್ಯಾಲೆಸ್ಟೈನ್, ಲೆಬನಾನ್ ಕಡೆಯ ಹಳೇ ಜನ) ಅಂದ್ರೆ ಬರೀ ವೈರಿಗಳು, ಅವ್ರ ದೇವ್ರೂ ಬೇಡ ಅವ್ರ ಜೊತೆ ಮದ್ವೆ ಸಂಬಂಧಾನೂ ಬೇಡ ಅನ್ನೋ ಥರಾನೇ ಬರುತ್ತೆ. ಆದ್ರೆ ಭಾಷೆ ವಿಷಯಕ್ಕೆ ಬಂದ್ರೆ ಹೀಬ್ರೂನ ಎಲ್ರೂ ಕಾನಾನ್ ಗುಂಪಿಗೇ ಸೇರಿಸ್ತಾರೆ. ಇದು ಹೇಗೆ? ಮಗಳಾ, ತಂಗಿನಾ? ಫಿನೀಷಿಯನ್ ಎಲ್ಲಿ ಬರುತ್ತೆ? ಗೊತ್ತಿರೋರು ಬಿಡಿಸಿ ಹೇಳಿ.

ಓದುಮಳ್ಳ:
ಮೊದ್ಲು ಒಂದು ವಿಷ್ಯ, ಕಾನಾನ್ ಭಾಷೆ ಅಂತ ಪ್ರತ್ಯೇಕವಾಗಿ ಒಂದೇ ಭಾಷೆ ಇರ್ಲಿಲ್ಲ. ಲೆಬನಾನ್ ಕರಾವಳಿಯ ತೂರ್, ಸೀದೋನ್ ಕಡೆ ಫಿನೀಷಿಯನ್, ಜೋರ್ಡಾನ್ ನದಿ ಆಚೆ ಅಮ್ಮೋನ್, ಮೋವಾಬ್, ಅದಕ್ಕೂ ಕೆಳಗೆ ಎದೋಮ್, ಈಚೆ ಬೆಟ್ಟದ ಸೀಮೆಲಿ ಹೀಬ್ರೂ, ಎಲ್ಲಾ ಅಕ್ಕಪಕ್ಕದ ಮಾತುಗಳೇ. ಬೈಬಲಿನ ಯೆಶಾಯ ಪುಸ್ತಕದ 19ನೇ ಅಧ್ಯಾಯದಲ್ಲಿ ಹೀಬ್ರೂ ಜನ ತಮ್ಮ ಮಾತನ್ನೇ 'ಕಾನಾನಿನ ಭಾಷೆ' ಅಂತಾರೆ ನೋಡಿ, ಅವರಿಗೇನೂ ಮುಜುಗರ ಇರ್ಲಿಲ್ಲ.

ಈ ಗುಂಪಿನ ಗುರುತು ಅಂದ್ರೆ ಹಳೇ ದೀರ್ಘ 'ಆ' ಇಲ್ಲಿ 'ಓ' ಆಗಿರುತ್ತೆ. ಅರಬ್ಬಿ 'ಸಲಾಮ್', ಹೀಬ್ರೂ 'ಶಾಲೋಮ್'. ಅರಬ್ಬಿಲಿ ಇಲ್ಲ ಅನ್ನೋಕೆ 'ಲಾ', ಹೀಬ್ರೂಲಿ 'ಲೋ'. ಮಜಾ ಏನಂದ್ರೆ ಕ್ರಿ.ಪೂ. 14ನೇ ಶತಮಾನದ ಅಮಾರ್ನಾ ಪತ್ರಗಳಲ್ಲೇ (ಈಜಿಪ್ಟಿನಲ್ಲಿ ಸಿಕ್ಕ, ಮಣ್ಣಿನ ಹಲಗೆ ಮೇಲಿನ ರಾಜರ ಪತ್ರಗಳು) ಇದು ಸಿಗುತ್ತೆ. ಜೆರುಸಲೇಮಿನ ದೊರೆ ಅಬ್ದಿ ಹೆಬಾ ಈಜಿಪ್ಟಿಗೆ ಆಗಿನ ರಾಜತಂತ್ರದ ಭಾಷೆ ಅಕ್ಕಾಡಿಯನ್ನಲ್ಲಿ ಬರೆಸಿದ ಪತ್ರದಲ್ಲಿ 'ನಾನು' ಅನ್ನೋಕೆ ಊರ ಮಾತಿನ 'ಅನುಕಿ' ನುಸುಳಿದೆ, ಹೀಬ್ರೂ 'ಅನೋಖಿ' ಇದೇ. ಇಸ್ರಾಯೇಲ್ ಅನ್ನೋ ಹೆಸರು ಮೊದಲು ಕಾಣೋ, ಈಜಿಪ್ಟಿನ ದೊರೆ ಮೆರ್ನೆಪ್ತಾನ ಶಾಸನಕ್ಕಿಂತ ನೂರು ವರ್ಷಕ್ಕೂ ಹಿಂದಿನ ಮಾತಿದು.

ಕಲ್ಬರಹ:
ಮೇಷನ ಶಾಸನ ಓದಿದ್ರೆ ಡೌಟೇ ಉಳಿಯಲ್ಲ ಗುರೂ. ಮೋವಾಬ್ ರಾಜ, ಕ್ರಿ.ಪೂ. 840ರ ಆಸುಪಾಸು. ಕಲ್ಲು 1868ರಲ್ಲಿ ಈಗಿನ ಜೋರ್ಡಾನ್ ದೇಶದ ಧೀಬಾನಲ್ಲಿ ಸಿಕ್ತು, ಆಮೇಲೆ ಕಿತ್ತಾಟದಲ್ಲಿ ಅಲ್ಲಿನೋರೇ ಒಡೆದು ಚೂರು ಮಾಡಿದ್ರು, ಪುಣ್ಯಕ್ಕೆ ಅಷ್ಟರಲ್ಲಿ ಅಕ್ಷರದ ಅಚ್ಚನ್ನ ಕಾಗದಕ್ಕೆ ಒತ್ತಿ ತಗೊಂಡಿದ್ರು, ಈಗ ಲೂವ್ರ್ ಮ್ಯೂಸಿಯಂನಲ್ಲಿದೆ. ಹೀಬ್ರೂ ಬಲ್ಲೋರು ಇದನ್ನ ಹೆಚ್ಚು ತಡವರಿಸದೇ ಓದ್ಬಹುದು. ಬಹುವಚನಕ್ಕೆ ಹೀಬ್ರೂಲಿ 'ಮ್' ಬರೋ ಕಡೆ ಇಲ್ಲಿ 'ನ್', ಅಂಥ ಸಣ್ಣಪುಟ್ಟ ವ್ಯತ್ಯಾಸ. ವಿಷ್ಯಾನೂ ಹಂಗೇ: ಮೋವಾಬಿನ ಕೆಮೋಷ್ ದೇವ್ರು ತನ್ನ ನಾಡಿನ ಮೇಲೆ ಮುನಿಸ್ಕೊಂಡಿದ್ದ ಅದಕ್ಕೇ ಇಸ್ರಾಯೇಲ್ ರಾಜ ಒಮ್ರಿ ನಮ್ಮನ್ನ ಹಿಂಡಿದ, ಆಮೇಲೆ ಅದೇ ದೇವ್ರು 'ಹೋಗಿ ನೆಬೋ ಊರನ್ನ ಇಸ್ರಾಯೇಲಿಂದ ಹಿಡಿ' ಅಂದ. ದೇವ್ರ ಹೆಸರೊಂದು ಬದಲಾಯಿಸಿದ್ರೆ ಥೇಟ್ ಬೈಬಲಿನ ಅರಸುಗಳ ಪುಸ್ತಕ!

ಉಪ್ಪುಸಮುದ್ರ:
ಒಪ್ದೆ, ಆದ್ರೆ ಎಲ್ಲಾ ಒಂದೇ ಅಂತ ಗುಡಿಸಿ ಹಾಕ್ಬೇಡಿ. ಫಿನೀಷಿಯನ್ನಲ್ಲಿ 'ಇರು' ಅನ್ನೋ ಕ್ರಿಯಾಪದಾನೇ ಬೇರೆ, 'ಮಾಡು' ಅನ್ನೋದೂ ಬೇರೆ. ಹಂಗಂತ ಹೀಬ್ರೂ ಸುತ್ತ ಬೇಲಿ ಹಾಕೋಕೂ ಆಗಲ್ಲ. 1910ರಲ್ಲಿ ಉತ್ತರದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯದಲ್ಲಿ ಸಿಕ್ಕ ಮಡಕೆ ಚೂರುಗಳಿವೆಯಲ್ಲ, ವೈನು ಎಣ್ಣೆ ಲೆಕ್ಕ ಬರೆದಿರೋವು, ಅದ್ರಲ್ಲಿ 'ವರ್ಷ' ಅನ್ನೋದನ್ನ ಬರೀ 'ಶತ' ಅಂತ ಎರಡೇ ವ್ಯಂಜನದಲ್ಲಿ ಬರ್ದಿದಾರೆ. ದಕ್ಷಿಣದ, ಜೆರುಸಲೇಮಿನ ಯೆಹೂದ ರಾಜ್ಯದಲ್ಲಿ 'ಶಾನಾ'. ಮೇಷನ ಕಲ್ಲಲ್ಲೂ ಫಿನೀಷಿಯನ್ನಲ್ಲೂ ಸಮಾರ್ಯದ ಥರಾನೇ. ಅಂದ್ರೆ ಈ ಒಂದು ಪದದ ಮಟ್ಟಿಗೆ ಉತ್ತರದ ಇಸ್ರಾಯೇಲು ಜೆರುಸಲೇಮಿನ ಕಡೆ ಇಲ್ಲ, ನೆರೆಯವರ ಕಡೆ ಇದೆ. ನನ್ ಪ್ರಕಾರ ಗಡಿ ಎಳೆದಿದ್ದು ರಾಜರು ಮತ್ತೆ ದೇವ್ರುಗಳು, ವ್ಯಾಕರಣ ಅಲ್ಲ.

ಗೆರೆಗೀಚು:
ಸೂಪರ್. ಹಂಗಾದ್ರೆ ಸಿರಿಯಾ ಕರಾವಳಿಯ ಹಳೇ ಪಟ್ಟಣ ಉಗಾರಿತ್‌ನ ಭಾಷೆ? ಅದೂ ಕಾನಾನ್ಯರದ್ದೇ ಅಂತ ಎಲ್ಲೋ ಓದಿದ್ದೆ.

ಓದುಮಳ್ಳ:
ಅದ್ರ ಮೇಲೆ ಪಂಡಿತರ ಜಗಳ ಇದೆ. ಅಲ್ಲಿ 'ಆ' ಇನ್ನೂ 'ಆ' ಆಗೇ ಉಳಿದಿದೆ, ಹೀಬ್ರೂಲಿ ನಾಮಪದಕ್ಕೆ ಮೊದಲು ಸೇರೋ 'ಹ' (ಇಂಗ್ಲಿಷಿನ 'the' ಥರದ್ದು) ಕೂಡ ಇಲ್ಲ, ಅದಕ್ಕೇ ತುಂಬಾ ಜನ ಗುಂಪಿನ ಹೊರಗೆ ಇಡ್ತಾರೆ. ನಂಟು ಹತ್ತಿರದ್ದೇ, ಮನೆ ಬೇರೆ.

ಕಲ್ಬರಹ:
ಫಿನೀಷಿಯನ್ನಿನ ಬಾಲ ಬಿಟ್ರಲ್ಲಪ್ಪಾ. ಉತ್ತರ ಆಫ್ರಿಕಾದಲ್ಲಿ ಫಿನೀಷಿಯನ್ನರು ಕಟ್ಟಿದ ಊರು ಕಾರ್ಥೇಜಿನ ಮಾತು ಪ್ಯೂನಿಕ್ಕೂ ಇದೇ ಗುಂಪು, ಅಲ್ಲಿನ ಅಧಿಕಾರಿ 'ಶುಫೆತ್', ಬೈಬಲಿನ ನ್ಯಾಯಸ್ಥಾಪಕರು 'ಶೋಫೆತ್'. ರೋಮನ್ನರು ಕ್ರಿ.ಪೂ. 146ರಲ್ಲಿ ಊರು ಸುಟ್ಟ ಮೇಲೂ ಮಾತು ಸಾಯ್ಲಿಲ್ಲ. ಐದುನೂರು ವರ್ಷ ಕಳೆದು ಸಂತ ಅಗಸ್ಟೀನ್ ಬರೀತಾನೆ, ಉತ್ತರ ಆಫ್ರಿಕಾದ ನಮ್ಮ ಹಳ್ಳಿಯೋರನ್ನ ನೀವು ಯಾರು ಅಂತ ಕೇಳಿದ್ರೆ ಪ್ಯೂನಿಕ್ಕಲ್ಲಿ 'ಕಾನಾನ್ಯರು' ಅಂತಾರೆ ಅಂತ.