ಮಲಪ್ರಭಾ ಜಲಾಶಯದ ನೀರು ಬಿಡುಗಡೆ: ಆಪ್ಟಿಮೈಸೇಷನ್ ಮಾಡಿದ ಮೇಲೂ ಸಿಮ್ಯುಲೇಷನ್ ಏಕೆ?

ಪ್ರಶ್ನೆ

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ನಿಲ್ಲುವ ನೀರನ್ನು ಕಾಲುವೆಗಳಿಗೂ ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿಗೂ ಹಂಚಬೇಕು. ಯಾವಾಗ ಎಷ್ಟು ಬಿಟ್ಟರೆ ಬೆಳೆಗೆ ಹೆಚ್ಚು ಲಾಭವೆಂದು ಆಪ್ಟಿಮೈಸೇಷನ್ ಮಾದರಿಯೇ ಲೆಕ್ಕ ಹಾಕಿ ಹೇಳುವುದಾದರೆ, ಅದರ ಮೇಲೆ ಮತ್ತೆ ಸಿಮ್ಯುಲೇಷನ್ (ಜಲಾಶಯದ ನಡವಳಿಕೆಯನ್ನು ಗಣಕದಲ್ಲಿ ಅನುಕರಿಸಿ ನೋಡುವುದು) ಏಕೆ ನಡೆಸುತ್ತಾರೆ? ಸ್ನಾತಕೋತ್ತರ ಪ್ರಬಂಧಕ್ಕಾಗಿ ಓದುತ್ತಿದ್ದೇನೆ, ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1

ಆಪ್ಟಿಮೈಸೇಷನ್ ಉತ್ತರ ಕೊಡುವುದು ನಾವು ಸರಳಗೊಳಿಸಿ ಅದರ ಮುಂದಿಟ್ಟ ಜಲಾಶಯಕ್ಕೆ. ಇದೇ ಮಲಪ್ರಭೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಭಾರತೀಯ ವಿಜ್ಞಾನ ಸಂಸ್ಥೆಯ ವೇದುಲ ಮತ್ತು ಮುಜುಂದಾರ್ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತಾವು ಓದಲೇಬೇಕು. ಸಂಗ್ರಹ, ಒಳಹರಿವು, ಮಣ್ಣಿನ ತೇವ ಈ ಮೂರನ್ನೂ ಒಟ್ಟಿಗೆ ಗಣಿಸಿ, ಅವಧಿವಾರು ನೀರು ಬಿಡುವ ನಿಯಮವನ್ನು ಅವರು ಸ್ಟೊಕಾಸ್ಟಿಕ್ ಡೈನಾಮಿಕ್ ಪ್ರೋಗ್ರಾಮಿಂಗ್ (ಅನಿಶ್ಚಿತತೆಯನ್ನೂ ಗಣಿಸಿ, ಅವಧಿಯಿಂದ ಅವಧಿಗೆ ಅತ್ಯುತ್ತಮ ನಿರ್ಧಾರ ಹುಡುಕುವ ಗಣಿತ ವಿಧಾನ) ಮೂಲಕ ಕಂಡುಕೊಂಡರು. ಈ ವಿಧಾನದಲ್ಲಿ ಸಂಗ್ರಹವನ್ನು ಹಂತಗಳಾಗಿ ಒಡೆಯಬೇಕಾಗುತ್ತದೆ. ಒಂದು ಜಲಾಶಯಕ್ಕೆ 100 ಹಂತಗಳಾದರೆ ಎರಡಕ್ಕೆ 10,000, ಮೂರಕ್ಕೆ 10 ಲಕ್ಷ ಸ್ಥಿತಿಗಳಾಗುವುದರಿಂದ ಎಷ್ಟೋ ವಿವರಗಳನ್ನು ಕೈಬಿಡದೆ ಗತ್ಯಂತರವಿಲ್ಲ. ಹಾಗೆ ಕೈಬಿಟ್ಟ ಕಾಲುವೆ ಸೋರಿಕೆ, ಗೇಟುಗಳ ಮಿತಿ ಮುಂತಾದವನ್ನು ಸಿಮ್ಯುಲೇಷನ್ನಿನಲ್ಲಿ ಮರಳಿ ಸೇರಿಸಿ, ಹತ್ತಾರು ವರ್ಷಗಳ ಒಳಹರಿವಿನ ದಾಖಲೆಯ ಮೇಲೆ ಆ ನಿಯಮವನ್ನು ನಡೆಸಿ ನೋಡಬೇಕು. ಅಲ್ಲಿ ಸೋತರೆ ನಿಯಮವನ್ನು ತಿದ್ದಿ ಮತ್ತೆ ನಡೆಸಬೇಕು.

ಉತ್ತರ 2

ಸರಾಸರಿ ಲಾಭ ಗರಿಷ್ಠವಾಯಿತೆಂಬುದೊಂದೇ ನೀತಿ ನಿರ್ಧಾರಕ್ಕೆ ಸಾಲದು. ಬೇಡಿಕೆ ಎಷ್ಟು ಬಾರಿ ಪೂರೈಸಿತು, ಕೊರತೆ ಬಂದರೆ ಎಷ್ಟು ಬೇಗ ನೀಗಿತು, ಎಷ್ಟು ತೀವ್ರವಾಗಿತ್ತು ಎಂಬ ಮೂರು ಅಳತೆಗಳನ್ನು ಸಂಶೋಧಕರಾದ ಹಾಶಿಮೊಟೊ, ಸ್ಟೆಡಿಂಜರ್ ಮತ್ತು ಲೌಕ್ಸ್ 1982ರಲ್ಲೇ ಮುಂದಿಟ್ಟಿದ್ದಾರೆ. ಎರಡು ನಿಯಮಗಳು 30 ವರ್ಷಗಳಲ್ಲಿ ಒಟ್ಟು ಅಷ್ಟೇ ಕೊರತೆ ತೋರಿಸಬಹುದು. ಆದರೆ ಒಂದರಲ್ಲಿ ಅದು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಹಂಚಿಹೋಗಿರುತ್ತದೆ, ಇನ್ನೊಂದರಲ್ಲಿ ಸತತ ಎರಡು ಹಿಂಗಾರು ಕಾಲುವೆಯ ಕೊನೆಯ ಹೊಲಗಳಿಗೆ ನೀರೇ ತಲುಪಿರುವುದಿಲ್ಲ. ಕಡಲೆ ಹೂ ಬಿಡುವ ಹೊತ್ತಿಗೆ ತೇವ ಆರಿದ ಹೊಲದಲ್ಲಿ ನಿಂತ ರೈತನಿಗೆ ಸರಾಸರಿ ಲಾಭದ ಲೆಕ್ಕ ಯಾವ ಉಪಯೋಗಕ್ಕೂ ಬಾರದು.

ಪ್ರಶ್ನಿಸಿದವರು

2019ರ ಆಗಸ್ಟಿನಲ್ಲಿ ಇದೇ ನದಿಯ ದಡದಲ್ಲಿರುವ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನೀರು ನುಗ್ಗಿತು. ಅಂಥ ಪ್ರವಾಹ ದಾಖಲೆಯಲ್ಲಿ ಅಪರೂಪವಾದರೆ ಪರೀಕ್ಷೆ ಹೇಗೆ?

ಉತ್ತರ 1

ದಾಖಲೆಯ ಸರಾಸರಿ ಮತ್ತು ಏರಿಳಿತಗಳನ್ನು ಉಳಿಸಿಕೊಂಡು ನೂರಾರು ವರ್ಷಗಳ ಕೃತಕ ಒಳಹರಿವಿನ ಸರಣಿಗಳನ್ನು ತಯಾರಿಸುತ್ತಾರೆ. ಪ್ರವಾಹಕ್ಕಾದರೆ ಗಂಟೆಗಳ ಲೆಕ್ಕದ ಪ್ರತ್ಯೇಕ ಸಿಮ್ಯುಲೇಷನ್ ಬೇಕು. ಆಗಸ್ಟಿನಲ್ಲಿ ನೀರನ್ನು ಗರಿಷ್ಠ ಮಟ್ಟವಾದ 2079.50 ಅಡಿಗಿಂತ ಕೆಳಗಿರಿಸಿದಷ್ಟೂ ಕೆಳದಂಡೆಯ ಊರುಗಳಿಗೆ ಅಪಾಯ ಕಡಿಮೆ. ಆಮೇಲೆ ಮಳೆ ಕೈಕೊಟ್ಟರೆ ಹಿಂಗಾರಿಗೆ ಅಷ್ಟೇ ನೀರು ಕಡಿಮೆ. ಪ್ರತಿ ಅಡಿಗೂ ಎರಡೂ ಕಡೆಯ ನಷ್ಟವೆಷ್ಟೆಂಬುದನ್ನು ಮಾದರಿ ತೋರಿಸಬಲ್ಲದು. ಎಷ್ಟು ಅಡಿ ಎಂಬುದನ್ನು ನಿರ್ಧರಿಸಬೇಕಾದವರು ನೀರಾವರಿ ಸಲಹಾ ಸಮಿತಿಯಲ್ಲಿ ಕೂರುವ ಜನರು, ಮತ್ತು ಆ ಎರಡು ಅಂಕಿಗಳು ಸಭೆಗೆ ಮೊದಲೇ ಅವರ ಕೈಯಲ್ಲಿರಬೇಕೆಂಬುದು ನನ್ನ ಒತ್ತಾಯ.