ಶಾರ್ಜಾದಲ್ಲಿ ಇಂಗ್ಲಿಷ್ ಶಿಕ್ಷಕಿ: ಸಂಜೆ ಮನೆಪಾಠ ಹೇಳಬಹುದೇ?

ಸಾಗರದವಳು:
ಎಲ್ಲರಿಗೂ ನಮಸ್ಕಾರ. ಊರಿನಲ್ಲಿ ನಾಲ್ಕು ವರ್ಷ ಇಂಗ್ಲಿಷ್ ಕಲಿಸಿ, ಮದುವೆಯಾದ ಮೇಲೆ ಶಾರ್ಜಾಕ್ಕೆ ಬಂದವಳು ನಾನು. ಏಪ್ರಿಲ್‌ನಿಂದ ಇಲ್ಲಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಎಂಟು ಮತ್ತು ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದೇನೆ. ಸಂಬಳ 3,400 ದಿರ್ಹಂ. ಬಾಡಿಗೆ, ಅಪ್ಪನ ಚಿಕಿತ್ಸೆಗೆ ತೆಗೆದ ಸಾಲದ ಕಂತು ಎಲ್ಲ ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಮ್ಮ ಕಟ್ಟಡದ ಮೂರು ಮನೆಯವರು ಮಕ್ಕಳಿಗೆ ಸಂಜೆ ಟ್ಯೂಷನ್ ಹೇಳಿ ಎಂದು ಕೇಳುತ್ತಿದ್ದಾರೆ. ಅವರಲ್ಲಿ ಒಬ್ಬಳು ನನ್ನದೇ ತರಗತಿಯ ಹುಡುಗಿ. ಸಿಕ್ಕಿಬಿದ್ದರೆ ದಂಡ ಎಂದು ಸ್ಟಾಫ್‌ರೂಮಿನಲ್ಲಿ ಒಬ್ಬರು ಹೆದರಿಸಿದರು. ಎಲ್ಲರೂ ಮಾಡುತ್ತಾರೆ, ನೀನೂ ಮಾಡು ಎಂದರು ಇನ್ನೊಬ್ಬರು. ಇಲ್ಲಿ ಬಹಳ ವರ್ಷ ಇದ್ದವರು ದಾರಿ ತೋರಿಸಿ.

ಪುತ್ತೂರು ಟೀಚರ್:
ತಂಗೀ, ನಾನು ಇದೇ ಶಾರ್ಜಾದಲ್ಲಿ ಹನ್ನೊಂದು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಮೊದಲ ಮಾತು: ಪರವಾನಗಿ ಕೈಗೆ ಬರುವವರೆಗೆ ಒಂದು ಮಗುವನ್ನೂ ಕೂರಿಸಿಕೊಳ್ಳಬೇಡಿ.

ಯುಎಇ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಖಾಸಗಿ ಪಾಠ ಹೇಳುವವರಿಗೆಂದೇ ಕೆಲಸದ ಪರವಾನಗಿ ತಂದಿದೆ. ಶುಲ್ಕವಿಲ್ಲ, ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಶಿಕ್ಷಣ ಸಚಿವಾಲಯದ ಜಾಲತಾಣದಲ್ಲಿಯೇ ಅರ್ಜಿ ಹಾಕಬೇಕು. ಎಮಿರೇಟ್ಸ್ ಐಡಿ (ಇಲ್ಲಿನ ನಿವಾಸಿಗಳ ಗುರುತಿನ ಚೀಟಿ), ಶಾಲೆಯ ಎನ್‌ಒಸಿ (ನಮ್ಮ ಆಕ್ಷೇಪಣೆ ಇಲ್ಲ ಎಂಬ ಪತ್ರ), ಸನ್ನಡತೆ ಪ್ರಮಾಣಪತ್ರ, ಆರೋಗ್ಯ ಪ್ರಮಾಣಪತ್ರ, ಫೋಟೊ ಬೇಕು. ನೀತಿ ಸಂಹಿತೆಗೆ ಸಹಿ ಹಾಕಬೇಕು. ಐದು ಕೆಲಸದ ದಿನಗಳಲ್ಲಿ ಉತ್ತರ ಕೊಡುತ್ತಾರೆ. ತಿರಸ್ಕಾರವಾದರೆ ಮತ್ತೆ ಅರ್ಜಿ ಹಾಕಲು ಆರು ತಿಂಗಳು ಕಾಯಬೇಕು. ಆದ್ದರಿಂದ ಕಾಗದಪತ್ರವೆಲ್ಲ ಸರಿಯಾಗಿ ಜೋಡಿಸಿಕೊಂಡ ಮೇಲೆಯೇ ಕೈ ಹಾಕಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ವ್ಯವಸ್ಥೆ ಬರುವ ಮುಂಚೆ ನಾನು ಕದ್ದುಮುಚ್ಚಿ ಪಾಠ ಹೇಳಿದವಳು. ಹೊರಗಿನವರಿಗೆ ಗೊತ್ತಾಗಬಾರದೆಂದು ಮಕ್ಕಳ ಚಪ್ಪಲಿಗಳನ್ನು ಬಾಗಿಲ ಒಳಗೆ ಹಳೆಯ ಪೇಪರಿನ ಮೇಲೆ ಇಡಿಸುತ್ತಿದ್ದೆ. ಕರೆಗಂಟೆ ಬಾರಿಸಿದರೆ ಎದೆ ಡವಡವ ಎನ್ನುತ್ತಿತ್ತು, ಮಕ್ಕಳು ತಾವಾಗಿಯೇ ಓದುವ ದನಿ ತಗ್ಗಿಸುತ್ತಿದ್ದರು. ಒಮ್ಮೆ ಒಬ್ಬರು ಮೂರು ತಿಂಗಳ ಹಣ ಕೊಡದೆ ಊರಿಗೆ ಹೋಗಿಬಿಟ್ಟರು. ಯಾರ ಹತ್ತಿರ ದೂರು ಹೇಳಲಿ? ಈಗ ಚಪ್ಪಲಿಗಳು ಬಾಗಿಲ ಹೊರಗೆ ಸಾಲಾಗಿ ಇರುತ್ತವೆ. ಅದನ್ನು ನೋಡಿದಾಗಲೆಲ್ಲ ನನಗೆ ಸಮಾಧಾನ.

ಎರಡನೆಯದು, ನಿಮ್ಮ ತರಗತಿಯ ಆ ಹುಡುಗಿಯನ್ನು ಸೇರಿಸಿಕೊಳ್ಳಬೇಡಿ. ಅವಳಿಗೆ ನ್ಯಾಯವಾಗಿ ಒಳ್ಳೆಯ ಅಂಕ ಬಂದರೂ ಉಳಿದ ತಾಯಂದಿರ ಬಾಯಿ ಸುಮ್ಮನಿರುವುದಿಲ್ಲ. ಅವಳ ಪತ್ರಿಕೆ ತಿದ್ದುವಾಗ ನಿಮ್ಮ ಕೈಗೂ ಅಳುಕು ಬರುತ್ತದೆ. ತರಗತಿಯಲ್ಲಿ ಅರ್ಥವಾಗದಿದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ಕೂರಿಸಿಕೊಂಡು ಹೇಳಿಕೊಡಿ, ಅದಕ್ಕೆ ಹಣ ಬೇಡ.

ಶುಲ್ಕ: ಒಬ್ಬರೇ ಆದರೆ ಗಂಟೆಗೆ 60 ದಿರ್ಹಂ, ಮೂರ್ನಾಲ್ಕು ಮಕ್ಕಳ ಗುಂಪಾದರೆ ತಲೆಗೆ 30 ತೆಗೆದುಕೊಳ್ಳುತ್ತೇನೆ. ತಿಂಗಳ ಮೊದಲ ವಾರವೇ ಕೊಡಬೇಕು. ಆದರೆ ಇದನ್ನು ಹನ್ನೆರಡು ತಿಂಗಳಿಗೆ ಗುಣಿಸಿ ಸಾಲದ ಲೆಕ್ಕ ಹಾಕಬೇಡಿ. ಜುಲೈ, ಆಗಸ್ಟ್ ಮಕ್ಕಳೆಲ್ಲ ಊರಿಗೆ ಹೋಗುತ್ತಾರೆ. ರಂಜಾನ್ ತಿಂಗಳಲ್ಲಿ ಸಮಯವೆಲ್ಲ ಬದಲಾಗುತ್ತದೆ. ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಯಾರೂ ಬರುವುದಿಲ್ಲ. ನನ್ನ ಕೈಗೆ ಸರಿಯಾಗಿ ಹಣ ಬರುವುದು ವರ್ಷಕ್ಕೆ ಎಂಟು ತಿಂಗಳು.

ಅಬುಧಾಬಿಯ ಅಪ್ಪ:
ಟೀಚರ್, ಪೋಷಕನಾಗಿ ಒಂದು ಪ್ರಶ್ನೆ. ನನ್ನ ಮಗ ಹತ್ತನೇ ತರಗತಿ. ಇಂಗ್ಲಿಷ್‌ನಲ್ಲಿ ಮಾತನಾಡಲು ಯಾವ ತೊಂದರೆಯೂ ಇಲ್ಲ. ಬರೆಯಲು ಕೂತರೆ ಗೈಡಿನಲ್ಲಿದ್ದದ್ದನ್ನೇ ಇಳಿಸುತ್ತಾನೆ. ಗಂಟೆಗೆ 60 ಕೊಟ್ಟು ಇನ್ನೊಂದು ಗೈಡ್ ಬಾಯಿಪಾಠ ಮಾಡಿಸುವುದಾದರೆ ಏನು ಪ್ರಯೋಜನ?

ಪುತ್ತೂರು ಟೀಚರ್:
ಅಣ್ಣಾ, ಹಾಗೆ ಮಾಡಿಸುವವರಿಗೆ ಹಣ ಕೊಡಲೇಬೇಡಿ. ಹಾಗಿದ್ದ ಒಬ್ಬ ಹುಡುಗ ನನ್ನಲ್ಲಿಗೂ ಬಂದಿದ್ದ. ಬಂಟ್ವಾಳದ ಕಡೆಯವರು, ಅವನು ಹುಟ್ಟಿದ್ದು ಇಲ್ಲಿಯೇ. ‘ನನ್ನ ರಜೆ’ ಎಂದು ಬರೆಯಲು ಹೇಳಿದರೆ ಕಡಲತೀರ, ಸೂರ್ಯಾಸ್ತ ಎಂದೆಲ್ಲ ಎಲ್ಲಿಯೋ ಓದಿದ್ದನ್ನು ಬರೆದ. ಪುಸ್ತಕ ಮುಚ್ಚಿಸಿ, ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಏನಾಯಿತು, ತುಳುವಿನಲ್ಲಿಯೇ ಹೇಳು ಎಂದೆ. ಅಂಗಳದಲ್ಲಿ ಒಣಗಲು ಹರಡಿದ್ದ ಅಡಿಕೆಯ ಮೇಲೆ ಸೈಕಲ್ ಓಡಿಸಿ ಅಜ್ಜನಿಂದ ಬೈಸಿಕೊಂಡ ಕಥೆಯನ್ನು ಹತ್ತು ನಿಮಿಷ ಹೇಳಿದ. ಇದನ್ನೇ ಬರೆ ಎಂದೆ. ಅಂಗಳಕ್ಕೆ ಇಂಗ್ಲಿಷ್‌ನಲ್ಲಿ ಏನು ಎಂದು ಕೇಳಿ ಪೆನ್ಸಿಲ್ ಕಚ್ಚುತ್ತ ಕೂತ. ಅಂಗಳ ಎಂದೇ ಬರೆದು, ಅದು ಹೇಗಿರುತ್ತದೆ ಎಂದು ಮುಂದಿನ ಸಾಲಿನಲ್ಲಿ ಹೇಳು ಎಂದೆ. ಏಳು ಸಾಲು ಬರೆದ. ಕಾಲರೂಪದ ತಪ್ಪು ನಾಲ್ಕಿದ್ದವು, ತಿದ್ದಿದೆವು. ಆದರೆ ಏಳು ಸಾಲೂ ಅವನವೇ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಒಂದು ಗಂಟೆಯಲ್ಲಿ ಇಂಥ ಕೆಲಸ ಆಗಬೇಕಾದರೆ ಟೀಚರ್ ದಣಿದಿರಬಾರದು. ಬೆಳಿಗ್ಗೆ ಐದಕ್ಕೆ ಎದ್ದು, ಶಾಲೆ ಮುಗಿಸಿ, ನೋಟ್‌ಬುಕ್ ತಿದ್ದಿ ಆಮೇಲೆ ನಾಲ್ಕು ತಂಡಕ್ಕೆ ಪಾಠ ಹೇಳುವವರಿಂದ ಅದು ಸಾಧ್ಯವಿಲ್ಲ. ನಾನೂ ಒಂದು ವರ್ಷ ಹಾಗೆ ಮಾಡಿ ದನಿ ಕೆಡಿಸಿಕೊಂಡೆ. ಈಗ ವಾರಕ್ಕೆ ನಾಲ್ಕು ಸಂಜೆ, ದಿನಕ್ಕೆ ಒಂದೂವರೆ ಗಂಟೆ. ಅದಕ್ಕಿಂತ ಹೆಚ್ಚು ಯಾರು ಕೇಳಿದರೂ ಇಲ್ಲ ಎನ್ನುತ್ತೇನೆ.

ಸಾಗರದವಳು:
ಅಕ್ಕಾ, ತುಂಬಾ ಉಪಕಾರವಾಯಿತು. ನನ್ನ ತರಗತಿಯ ಹುಡುಗಿಯ ತಾಯಿಗೆ ಇವತ್ತೇ ಆಗುವುದಿಲ್ಲ ಎಂದು ಹೇಳಿಬಂದೆ. ಸ್ವಲ್ಪ ಬೇಸರ ಮಾಡಿಕೊಂಡರು. ಶಾಲೆಯವರು ಎನ್‌ಒಸಿ ಕೊಡದಿದ್ದರೆ ಏನು ಮಾಡಲಿ?

ಪುತ್ತೂರು ಟೀಚರ್:
ಬಾಯಿಮಾತಿನಲ್ಲಿ ಕೇಳಬೇಡಿ, ಪತ್ರ ಬರೆದು ಕೊಡಿ. ನಮ್ಮ ಶಾಲೆಯ ಮಕ್ಕಳಿಗೆ ಪಾಠ ಹೇಳುವುದಿಲ್ಲ, ಶಾಲೆಯ ಸಮಯವನ್ನು ಮುಟ್ಟುವುದಿಲ್ಲ ಎಂಬ ಎರಡು ಸಾಲು ಅದರಲ್ಲಿರಲಿ. ನನಗೆ ಕೊಟ್ಟದ್ದು ಆ ಸಾಲುಗಳನ್ನು ನೋಡಿಯೇ. ಊರಿನ ಶಾಲೆಯಿಂದ ನಾಲ್ಕು ವರ್ಷದ ಅನುಭವ ಪತ್ರವನ್ನೂ ಈಗಲೇ ತರಿಸಿಕೊಳ್ಳಿ. ಅಲ್ಲಿ ಬೇಸಿಗೆ ರಜೆ ಶುರುವಾದರೆ ಕಚೇರಿಯಲ್ಲಿ ಸಹಿ ಹಾಕುವವರು ಸಿಗುವುದು ಕಷ್ಟ.